ಐನ್‌ಮನೆಯ ಗೋಡೆಯ ಮೇಲಿರುವ ಸೈನಿಕ: ಅವರ ಬದುಕನ್ನು ಎಲ್ಲಿಂದ ಹುಡುಕುವುದು?

ಪ್ರಶ್ನೆ: ನಮ್ಮದು ವಿರಾಜಪೇಟೆ ಕಡೆಯ ಕೊಡವ ಒಕ್ಕ (ಮನೆತನ). ನನ್ನ ಅಜ್ಜನ ಅಣ್ಣ ಸೇನೆಯಲ್ಲಿದ್ದರು, 1965ರ ಯುದ್ಧದಲ್ಲಿ ಮಡಿದರು. ಐನ್‌ಮನೆಯ, ಅಂದರೆ ಒಕ್ಕದ ಮೂಲಮನೆಯ, ನಡುಬಾಡೆಯ (ನಡುಮನೆಯ) ಗೋಡೆಯಲ್ಲಿ ಸಮವಸ್ತ್ರದಲ್ಲಿರುವ ಅವರ ಚಿತ್ರವಿದೆ, ಅಟ್ಟದಲ್ಲಿ ಬೀಗ ಹಾಕಿದ ಒಂದು ಕಪ್ಪು ಟ್ರಂಕ್ ಇದೆ. ಆಗ ಅವರ ಹೆಂಡತಿಗೆ 22 ವರ್ಷ, ಮಗಳಿಗೆ ಎಂಟು ತಿಂಗಳು. ಎರಡು ವರ್ಷದ ನಂತರ ಅವರನ್ನು ಮೈದುನನಿಗೆ, ಅಂದರೆ ನನ್ನ ಅಜ್ಜನಿಗೆ, ಮದುವೆ ಮಾಡಿಸಿದರು. ಅವರೇ ನನ್ನ ಅಜ್ಜಿ. ಈಗ ಅವರಿಗೆ 82, ಅಜ್ಜ ಈಗಿಲ್ಲ. ಒಕ್ಕದ ಚರಿತ್ರೆಯ ಪುಸ್ತಕ ತರುತ್ತಿದ್ದೇವೆ, ಆ ದೊಡ್ಡಜ್ಜನ ಬಗ್ಗೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಅವರು ಯಾವ ದಳದಲ್ಲಿದ್ದರು, ಎಲ್ಲಿ ಮಡಿದರು ಎಂಬುದೂ ಯಾರಿಗೂ ಖಚಿತವಿಲ್ಲ. ಸೇನೆಯ ದಾಖಲೆ ಪಡೆಯುವುದು ಹೇಗೆ? ಅಜ್ಜಿಯ ಮರುಮದುವೆಯನ್ನು ಬರೆಯಬಹುದೇ? ಹಿರಿಯರು ಬೇಡ ಎನ್ನುತ್ತಾರೆ.

ಉತ್ತರ: ಅಜ್ಜಿಯಿಂದ ಶುರು ಮಾಡಿ, ಈ ವಾರವೇ. ಸೇನೆಯ ಕಡತ ಅರವತ್ತು ವರ್ಷ ಕಾದಿದೆ, ಇನ್ನೊಂದು ವರ್ಷವೂ ಕಾಯುತ್ತದೆ. 82ರ ನೆನಪಿಗೆ ಅಷ್ಟು ವ್ಯವಧಾನವಿಲ್ಲ. ಇಂಥ ಕೆಲಸದಲ್ಲಿ ನಾನು ಅನೇಕ ಕುಟುಂಬಗಳ ಜೊತೆ ಕುಳಿತಿದ್ದೇನೆ. ಕಾಗದ ಕೈಗೆ ಬರುವ ಹೊತ್ತಿಗೆ ಅದನ್ನು ಓದಿ ‘ಹೌದು, ಹೀಗೇ ಆಯಿತು’ ಎನ್ನಬೇಕಾದವರು ಇಲ್ಲವಾಗಿದ್ದ ಮನೆಗಳನ್ನು ಕಂಡಿದ್ದೇನೆ.

ಅವರನ್ನು ಯುದ್ಧದ ಬಗ್ಗೆ ಕೇಳಬೇಡಿ. ಯುದ್ಧವನ್ನು ಅವರು ಕಂಡಿಲ್ಲ. ಕೊನೆಯ ರಜೆಯ ಬಗ್ಗೆ ಕೇಳಿ. ಹೊರಡುವಾಗ ಏನು ಕಟ್ಟಿಕೊಟ್ಟಿರಿ, ಬಸ್ಸಿನವರೆಗೆ ಯಾರು ಹೋದರು, ಮಗುವನ್ನು ಅವರು ಎಷ್ಟು ಸಲ ಎತ್ತಿಕೊಂಡಿದ್ದರು, ಕಾಗದ ಬಂದರೆ ಓದಿ ಹೇಳುತ್ತಿದ್ದವರು ಯಾರು ಎಂದು ಕೇಳಿ. ಗೋಣಿಕೊಪ್ಪದ ಕಡೆಯ ಒಬ್ಬ ಹಿರಿಯರು ‘ನನಗೇನೂ ಗೊತ್ತಿಲ್ಲ’ ಎಂದು ಮೂರು ಸಲ ನನ್ನನ್ನು ವಾಪಸು ಕಳುಹಿಸಿದ್ದರು. ನಾಲ್ಕನೆಯ ಸಲ, ಮಡಿದವರಿಗೆ ಯಾವ ಹಣ್ಣು ಇಷ್ಟವಾಗಿತ್ತು ಎಂದು ಕೇಳಿದೆ. ‘ಕಿತ್ತಳೆ’ ಎಂದರು. ಅಲ್ಲಿಂದ ಮಾತು ಸಂಜೆಯವರೆಗೆ ಹರಿಯಿತು. ಕೊಡವ ತಕ್ಕ್‌ನಲ್ಲೇ ಕೇಳಿ, ಅವರ ಮಾತನ್ನು ಅದೇ ಭಾಷೆಯಲ್ಲಿ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಕನ್ನಡಕ್ಕೆ ತರುವ ಕೆಲಸ ಆಮೇಲೆ ಮಾಡಬಹುದು.

ಆ ಸೆಪ್ಟೆಂಬರ್ ತಿಂಗಳನ್ನು ಯುದ್ಧದ ದಿನಚರಿಯ ಜೊತೆಗೆ ಮನೆಯ ಪಂಚಾಂಗದಲ್ಲೂ ಇಟ್ಟು ನೋಡಿ. 1965ರ ಸೆಪ್ಟೆಂಬರ್ 1ರಂದು ಪಾಕಿಸ್ತಾನದ ಟ್ಯಾಂಕುಗಳು ಜಮ್ಮುವಿನ ಛಂಬ್ ವಲಯಕ್ಕೆ ನುಗ್ಗಿದವು. ಸೆಪ್ಟೆಂಬರ್ 6ರಂದು ನಮ್ಮ ಸೇನೆ ಲಾಹೋರ್ ದಿಕ್ಕಿನಲ್ಲಿ ಗಡಿ ದಾಟಿತು. 8ರಿಂದ 10ರವರೆಗೆ ಅಸಲ್ ಉತ್ತರ್ ಕಾಳಗ, 11ರಂದು ಫಿಲ್ಲೋರಾ ಕಾಳಗ, 23ರಂದು ಕದನವಿರಾಮ. ಛಂಬ್‌ಗೂ ಲಾಹೋರಿಗೂ ನಡುವಿನ ಆ ದಿನಗಳು ಕೊಡಗಿನಲ್ಲಿ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ನ ಕಾಲ. ನಾಟಿ ಮುಗಿದಿರುತ್ತದೆ, ಕೋವಿಯನ್ನು ಒರೆಸಿ ತೋಕ್‌ಪೂ (ಕೋವಿ ಹೂ) ಸಿಕ್ಕಿಸಿ ಕನ್ನಿ ಕೋಂಬರೆಯಲ್ಲಿ, ಅಂದರೆ ಪೂಜೆಯ ಕೋಣೆಯಲ್ಲಿ, ಇಟ್ಟಿರುತ್ತಾರೆ. ನಿಮ್ಮ ಐನ್‌ಮನೆಯವರು ಕೋವಿಗೆ ಪೂಜೆ ಮಾಡುತ್ತಿದ್ದ ವಾರದಲ್ಲೇ ಆ ಮನೆಯ ಮಗ ಕೋವಿ ಹಿಡಿದು ಪಂಜಾಬಿನಲ್ಲೋ ಜಮ್ಮುವಿನಲ್ಲೋ ಇದ್ದಿರಬೇಕು. ಆ ವರ್ಷದ ಕೈಲ್‌ಪೊಳ್ದ್‌ನಲ್ಲಿ ಅವರ ಹೆಸರು ಹಿಡಿದು ಏನು ಬೇಡಿಕೊಂಡರು? ಸುಗ್ಗಿಯ ಹಬ್ಬವಾದ ಪುತ್ತರಿಗೆ ಮನೆಯೊಳಗೆ ಕದಿರು ತಂದರೇ? ಸುದ್ದಿ ಯಾವಾಗ ಬಂತು ಎಂಬುದು ಮರೆತುಹೋಗಿದ್ದರೂ ಈ ಎರಡು ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ. ಆ ಉತ್ತರದಿಂದ ಸುದ್ದಿ ಬಂದ ಕಾಲವೂ ತಿಳಿಯುತ್ತದೆ.

ಸುದ್ದಿ ಬಂದದ್ದು ತಂತಿಯಲ್ಲಿರಬೇಕು. ಇಂಗ್ಲಿಷಿನ ಆ ಎರಡು ಸಾಲನ್ನು ಓದಿ ಹೇಳಿದವರು ಅಂಚೆಯವರೋ, ಶಾಲೆಯ ಮೇಷ್ಟರೋ, ನಿವೃತ್ತ ಸುಬೇದಾರರೋ? ಅಜ್ಜಿಗೆ ಅದು ಗೊತ್ತಿರುತ್ತದೆ. ಆ ಕ್ಷಣ ನಿಂತಿದ್ದ ಜಾಗವೂ ನೆನಪಿರುತ್ತದೆ.

ಇನ್ನೊಂದು ಸಂಗತಿಯನ್ನು ನಿಮ್ಮ ತಲೆಮಾರಿನವರು ಊಹಿಸಿಕೊಳ್ಳುವುದು ಕಷ್ಟ. ತ್ರಿವರ್ಣ ಧ್ವಜ ಹೊದಿಸಿದ ಪೆಟ್ಟಿಗೆ ಊರಿಗೆ ಬರುವುದು, ದಾರಿಯುದ್ದಕ್ಕೂ ಜನ ನಿಲ್ಲುವುದು ಇವೆಲ್ಲ ರೂಢಿಗೆ ಬಂದದ್ದು 1999ರ ಕಾರ್ಗಿಲ್ ಯುದ್ಧದಿಂದ ಈಚೆಗೆ. 1962ರಲ್ಲಿ, 1965ರಲ್ಲಿ, 1971ರಲ್ಲಿ ಮಡಿದವರ ಅಂತ್ಯಕ್ರಿಯೆ ಸಾಮಾನ್ಯವಾಗಿ ರಣರಂಗದ ಸಮೀಪವೇ ನಡೆಯುತ್ತಿತ್ತು. ಮನೆಗೆ ಬರುತ್ತಿದ್ದದ್ದು ಕಾಗದ, ಕೆಲವು ಸಲ ಅಸ್ಥಿ, ತಿಂಗಳುಗಳ ನಂತರ ಒಂದು ಟ್ರಂಕ್. ಸಾವಾದರೆ ಎರಡು ಗುಂಡು ಹಾರಿಸಿ ನಾಡಿಗೆ ತಿಳಿಸುವ ಕೊಡವರ ಮನೆಯಲ್ಲಿ, ಮುಖ ನೋಡಲು ದೇಹವೇ ಇಲ್ಲದಿದ್ದಾಗ ಆ ಗುಂಡು ಯಾವಾಗ ಹಾರಿತು? ಹನ್ನೊಂದನೆಯ ದಿನದ ಮಾದವನ್ನು (ಉತ್ತರಕ್ರಿಯೆಯನ್ನು) ಯಾವ ದಿನದಿಂದ ಎಣಿಸಿದರು, ಮಡಿದ ದಿನದಿಂದಲೋ ತಂತಿ ಬಂದ ದಿನದಿಂದಲೋ? ಅಜ್ಜಿ ಮಾತನಾಡದಿದ್ದರೆ ಅದಕ್ಕೆ ಕಾರಣ ಇಲ್ಲೇ ಎಲ್ಲೋ ಇದ್ದೀತು. ಕಣ್ಣಾರೆ ಕಾಣದ ಸಾವನ್ನು ಎಷ್ಟೋ ಹೆಂಗಸರು ವರ್ಷಗಟ್ಟಲೆ ನಂಬಿರಲಿಲ್ಲ.

ಆ ತಿಂಗಳುಗಳಲ್ಲಿ ಕೊಡಗಿನ ಯಾವ ಮನೆಗೂ ನೆಮ್ಮದಿ ಇರಲಿಲ್ಲ. ಸೆಪ್ಟೆಂಬರ್ 7ರಂದು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಹೋದವರು ಮರಳಲಿಲ್ಲ. ಸೆಪ್ಟೆಂಬರ್ 22ರಂದು, ಕದನವಿರಾಮಕ್ಕೆ ಗಂಟೆಗಳಷ್ಟೇ ಉಳಿದಿರುವಾಗ, ಜನರಲ್ ಕಾರ್ಯಪ್ಪನವರ ಮಗನ ವಿಮಾನವನ್ನು ಹೊಡೆದುರುಳಿಸಿ ಅವರನ್ನು ಸೆರೆಹಿಡಿದರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ವಿಶೇಷ ರಿಯಾಯಿತಿ ತೋರಲು ಮುಂದಾದಾಗ, ಉಳಿದ ಯುದ್ಧಕೈದಿಗಳಿಗಿಲ್ಲದ್ದು ತನ್ನ ಮಗನಿಗೂ ಬೇಡ ಎಂದವರು ಮಡಿಕೇರಿಯ ಆ ತಂದೆ. ಡಿಸೆಂಬರ್ 18ರಂದು ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯ ತೀರಿಕೊಂಡರು. ನಿಮ್ಮ ದೊಡ್ಡಜ್ಜನ ಸುದ್ದಿ ಇವೆಲ್ಲದರ ನಡುವೆ ಬಂದದ್ದು. ದೊಡ್ಡ ಹೆಸರುಗಳಿಗೆ ವೃತ್ತಗಳಿವೆ, ಪ್ರತಿಮೆಗಳಿವೆ, ವಸ್ತುಸಂಗ್ರಹಾಲಯವಿದೆ. ನಿಮ್ಮವರಿಗೆ ಇರುವುದು ಒಂದು ಗೋಡೆ. ಅದಕ್ಕೇ ನಿಮ್ಮ ಬರಹ ಮುಖ್ಯ.

ದೇವಯ್ಯನವರ ವಿಷಯವನ್ನು ಇನ್ನೊಂದು ಕಾರಣಕ್ಕೆ ಹೇಳಬೇಕು. ಆ ದಾಳಿಗೆ ಅವರು ಕಾಯ್ದಿರಿಸಿದ ಪೈಲಟ್ ಆಗಿದ್ದರು. ಹೋದದ್ದು ಇನ್ನೊಬ್ಬರ ಬದಲಿಗೆ. ಹಿಂತಿರುಗಲಿಲ್ಲ, ಕಾಣೆಯಾದವರ ಪಟ್ಟಿಗೆ ಸೇರಿದರು. ಅಲ್ಲಿ ಏನಾಯಿತೆಂದು ಇಲ್ಲಿ ಯಾರಿಗೂ ತಿಳಿದಿರಲಿಲ್ಲ. 1979ರಲ್ಲಿ ಪಾಕಿಸ್ತಾನದ ವಾಯುಪಡೆಯ ಮಾಹಿತಿ ಆಧರಿಸಿ ಒಬ್ಬ ಬ್ರಿಟಿಷ್ ಲೇಖಕ ಬರೆದಾಗ ಹೊರಬಂದದ್ದು ಇಷ್ಟು: ಏಟು ತಿಂದ ತಮ್ಮ ಮಿಸ್ಟೇರ್ ವಿಮಾನದಲ್ಲೇ ದೇವಯ್ಯ, ಅದಕ್ಕಿಂತ ಎಷ್ಟೋ ವೇಗದ, ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವೊಂದನ್ನು ಹೊಡೆದುರುಳಿಸಿದ್ದರು. 1988ರಲ್ಲಿ, 23 ವರ್ಷಗಳ ಮೇಲೆ, ಮರಣೋತ್ತರ ಮಹಾವೀರ ಚಕ್ರ ಬಂತು. ಅಷ್ಟು ವರ್ಷ ಅವರ ಹೆಂಡತಿ ಮಕ್ಕಳು ಅರ್ಧ ಗೊತ್ತಿರುವ ಸಾವಿನ ಜೊತೆ ಬದುಕಿದರು. ಆದ್ದರಿಂದ ದಾಖಲೆಯಲ್ಲಿ ‘ಕಾಣೆಯಾಗಿದ್ದಾರೆ, ಮಡಿದಿರಬಹುದು’ ಎಂಬ ಸಾಲು ಕಂಡರೆ ಅದೇ ಕೊನೆಯ ಮಾತು ಎಂದು ಕೈಬಿಡಬೇಡಿ. ಎದುರು ಪಕ್ಷದವರು ಬರೆದದ್ದನ್ನೂ ಓದಿ.

ಈಗ ಟ್ರಂಕ್. ಬೀಗ ಮುರಿಯುವ ಮೊದಲು ಹೊರಮೈಯನ್ನು ಬೆಳಕಿಗೆ ಹಿಡಿದು ಚಿತ್ರ ತೆಗೆಯಿರಿ. ಬಿಳಿ ಬಣ್ಣದಲ್ಲಿ ಬರೆದ ಸಂಖ್ಯೆಯ ಗುರುತು ಉಳಿದಿದ್ದರೆ ಅದು ಅವರ ಸೇವಾ ಸಂಖ್ಯೆ. ನಿಮಗೆ ಬೇಕಾದ ಬೀಗದ ಕೈ ಅದೇ. ಒಳಗೆ ಪದಕಗಳಿದ್ದರೆ ಬ್ರಾಸೋದಂಥ ಲೋಹದ ಪಾಲಿಶ್ ಹಾಕಿ ಉಜ್ಜಬೇಡಿ, ದಯವಿಟ್ಟು. ಸೇವಾ ಸಂಖ್ಯೆ, ದರ್ಜೆ, ಹೆಸರು, ದಳ ಇವುಗಳನ್ನು ಪದಕದ ಅಂಚಿನ ದಪ್ಪದಲ್ಲಿ ಒತ್ತಿರುತ್ತಾರೆ. ಉಜ್ಜಿದಷ್ಟೂ ಅಕ್ಷರ ಸವೆಯುತ್ತದೆ. 1965ರ ರಣರಂಗದಲ್ಲಿದ್ದವರಿಗೆ ಸಮರ ಸೇವಾ ಸ್ಟಾರ್ ಇರುತ್ತದೆ, ಜೊತೆಗೆ ರಕ್ಷಾ ಪದಕ. ಕಾಗದಗಳ ವಿಳಾಸದಲ್ಲಿ ‘56 ಎಪಿಒ’ ಎಂದಿದ್ದರೆ ಅದು ಊರಲ್ಲ, ಸೈನಿಕ ಇರುವ ಜಾಗವನ್ನು ಮುಚ್ಚಿಡುವ ಸೇನಾ ಅಂಚೆಯ ಸಂಖ್ಯೆ. ಅದರ ಮೇಲಿನ ಸಾಲಿನಲ್ಲಿ ದಳದ ಹೆಸರಿರುತ್ತದೆ. ಟ್ರಂಕಿನ ತಳದಲ್ಲಿ ಸಾಮಾನುಗಳ ಪಟ್ಟಿಯೊಂದು ಸಿಕ್ಕರೆ ಜೋಪಾನ. ಮಡಿದವರ ವಸ್ತುಗಳನ್ನು ಲೆಕ್ಕ ಹಾಕಿ ಮನೆಗೆ ಕಳುಹಿಸುವ ಸೇನಾ ಸಮಿತಿ ಸಿದ್ಧಪಡಿಸಿದ ಪಟ್ಟಿ ಅದು. ಷೇವಿಂಗ್ ಬ್ರಷ್ ಒಂದು, ಟವೆಲ್ ಎರಡು, ಪೆನ್ನು ಒಂದು ಎಂಬಂಥ ಪಟ್ಟಿಗಳನ್ನು ನಾನು ಓದಿದ್ದೇನೆ. ಯಾವ ಶೌರ್ಯಪತ್ರವೂ ನನ್ನನ್ನು ಅಷ್ಟು ಅಲುಗಿಸಿಲ್ಲ.

ಟ್ರಂಕಿನಲ್ಲಿ ಏನೂ ಇಲ್ಲದಿದ್ದರೂ ಅಜ್ಜಿಯ ಹೆಸರಿಗೆ ಪಿಂಚಣಿ ಬಂದಿದ್ದರೆ ಪಿಂಚಣಿ ಪಾವತಿ ಆದೇಶ ಇದ್ದೇ ಇರುತ್ತದೆ. ಅದರಲ್ಲಿ ಸೇವಾ ಸಂಖ್ಯೆ, ದಳ, ಮರಣದ ದಿನಾಂಕ ಎಲ್ಲವೂ ಸಿಗಬಹುದು. ಮಡಿಕೇರಿಯಲ್ಲಿರುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲೂ ವಿಚಾರಿಸಿ. ದಳ ತಿಳಿದ ಮೇಲೆ ದಾರಿ ಸಲೀಸು. ಅಧಿಕಾರಿಗಳನ್ನು ಬಿಟ್ಟು ಉಳಿದ ಸೈನಿಕರ ದಾಖಲೆಗಳು ಆಯಾ ದಳದ ದಾಖಲೆ ಕಚೇರಿಯಲ್ಲಿರುತ್ತವೆ: ಮದ್ರಾಸ್ ರೆಜಿಮೆಂಟ್ ಆದರೆ ನೀಲಗಿರಿಯ ವೆಲ್ಲಿಂಗ್ಟನ್, ಮದ್ರಾಸ್ ಸ್ಯಾಪರ್ಸ್ (ಎಂಜಿನಿಯರ್ ದಳ) ಆದರೆ ಬೆಂಗಳೂರು, ಫಿರಂಗಿ ದಳವಾದರೆ ನಾಸಿಕ್, ಮರಾಠಾ ಲಘು ಪದಾತಿ ದಳವಾದರೆ ಬೆಳಗಾವಿ. ಇಡೀ ಕಡತ ಉಳಿದಿರುತ್ತದೆಂಬ ಭರವಸೆ ಬೇಡ. ಅವಧಿ ಮುಗಿದ ಕಡತಗಳನ್ನು ನಾಶಪಡಿಸುತ್ತಾರೆ. ‘ಲಾಂಗ್ ರೋಲ್’ ಎಂಬ ದೊಡ್ಡ ನೋಂದಣಿ ಪುಸ್ತಕವನ್ನು ಮಾತ್ರ ಕಾಯ್ದಿಡುತ್ತಾರೆ. ಅರ್ಜಿಯಲ್ಲಿ ಆ ಹೆಸರು ಹಿಡಿದೇ ಕೇಳಿ. ಅರ್ಜಿಯನ್ನು ನಿಮ್ಮ ಹೆಸರಿನಲ್ಲಿ ಹಾಕಬೇಡಿ. ಅಜ್ಜಿಯ ಅಥವಾ ಅವರ ಮಗಳ ಸಹಿ ಇದ್ದರೆ ‘ಖಾಸಗಿ ಮಾಹಿತಿ, ಮೂರನೆಯವರಿಗೆ ಕೊಡಲಾಗದು’ ಎಂಬ ಉತ್ತರ ಬರುವ ಸಾಧ್ಯತೆ ಕಡಿಮೆ.

ಹೆಸರಿನ ತೊಡಕನ್ನು ಮೊದಲೇ ಬಿಡಿಸಿಕೊಳ್ಳಿ. ನಾವು ಒಕ್ಕದ ಹೆಸರನ್ನು ಮುಂದೆ ಹೇಳುತ್ತೇವೆ. ಸೇನೆಯ ಗುಮಾಸ್ತರು ಅದನ್ನು ಹಿಂದೆ ತಳ್ಳಿರಬಹುದು, ಒಂದೇ ಅಕ್ಷರಕ್ಕೆ ಇಳಿಸಿರಬಹುದು, ಬಿಟ್ಟೂ ಇರಬಹುದು. ದೇವಯ್ಯ, ತಿಮ್ಮಯ್ಯ, ಕಾರ್ಯಪ್ಪ ಇವುಗಳಲ್ಲಿ ಒಂದೊಂದನ್ನೂ ಇಂಗ್ಲಿಷಿನಲ್ಲಿ ಮೂರು ನಾಲ್ಕು ರೀತಿ ಬರೆದದ್ದುಂಟು. ಊರಿನ ಹೆಸರುಗಳೂ ಹಾಗೆಯೇ. ಹಳೆಯ ಕಾಗದದಲ್ಲಿ ಮಡಿಕೇರಿ ‘ಮರ್ಕೆರಾ’ ಆಗಿರುತ್ತದೆ. 1956ರ ನವೆಂಬರ್ 1ಕ್ಕೆ ಮೊದಲು ಸೇನೆಗೆ ಸೇರಿದವರ ರಾಜ್ಯದ ಹೆಸರು ‘ಕೂರ್ಗ್’, ನಂತರ ಸೇರಿದವರದು ‘ಮೈಸೂರು’. ಪೊನ್ನಂಪೇಟೆ ತಾಲ್ಲೂಕು ಈಚಿನದು, ಹಳೆಯ ದಾಖಲೆಯಲ್ಲಿ ಆ ಭಾಗವೆಲ್ಲ ವಿರಾಜಪೇಟೆ ತಾಲ್ಲೂಕೇ. ಒಂದು ಕುಟುಂಬದ ಅರ್ಜಿ ಎರಡು ಸಲ ‘ದಾಖಲೆ ಇಲ್ಲ’ ಎಂದು ಮರಳಿ ಬಂದಿತ್ತು. ಮೂರನೆಯ ಸಲ ಹೆಸರಿನ ಒಂದು ಅಕ್ಷರ ಬದಲಿಸಿದ್ದಕ್ಕೆ ಮನುಷ್ಯ ಸಿಕ್ಕಿದ.

ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲೂ ಹುಡುಕಿ. 2019ರ ಫೆಬ್ರುವರಿ 25ರಂದು ಲೋಕಾರ್ಪಣೆಯಾದಾಗ ಅದರ ತ್ಯಾಗ ಚಕ್ರದ ಗೋಡೆಗಳಲ್ಲಿ 25,942 ಹೆಸರುಗಳಿದ್ದವು. ಸ್ವಾತಂತ್ರ್ಯಾನಂತರ ಮಡಿದವರದು ಅದು, ಜಾಲತಾಣದಲ್ಲೂ ಹುಡುಕಬಹುದು. ನಿಮ್ಮಂತೆಯೇ ಎರಡನೆಯ ಮಹಾಯುದ್ಧದ ಅಜ್ಜಂದಿರನ್ನು ಹುಡುಕುತ್ತಿರುವವರಿಗೆ ಒಂದು ಮಾತು: ಅವರ ಹೆಸರು ಇರುವುದು ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಪಟ್ಟಿಯಲ್ಲಿ. ಬರ್ಮಾದಲ್ಲಿ ಮಡಿದು ಸಮಾಧಿಯೇ ಇಲ್ಲದ ಸುಮಾರು 27,000 ಮಂದಿಯ ಹೆಸರು ತೌಕ್ಯಾನ್‌ನ ರಂಗೂನ್ ಸ್ಮಾರಕದಲ್ಲಿದೆ. ದಹನವಾದ ಹಿಂದೂ, ಸಿಖ್ ಸೈನಿಕರಿಗೆ ಇಂಫಾಲ್, ಕೊಹಿಮಾಗಳಲ್ಲಿ ಬೇರೆ ಸ್ಮಾರಕಗಳಿವೆ. ಆಯೋಗದ ಪಟ್ಟಿಯಲ್ಲಿ ಎಷ್ಟೋ ಹೆಸರುಗಳ ಮುಂದೆ ‘ಇಂಥವರ ಮಗ, ಇಂಥವಳ ಗಂಡ, ಇಂಥ ಊರು’ ಎಂಬ ಸಾಲಿರುತ್ತದೆ.

ಆ ‘ಇಂಥವಳ ಗಂಡ’ ಎಂಬ ಮಾತಿಗೆ ಬರುತ್ತೇನೆ. ನಿಮ್ಮ ಎರಡನೆಯ ಪ್ರಶ್ನೆ ಅದೇ.

ನಮ್ಮ ನಾಡಿನ ವೀರಗಲ್ಲುಗಳನ್ನು ನೋಡಿದ್ದೀರಲ್ಲ. ಸಾಮಾನ್ಯವಾಗಿ ಮೂರು ಅಂಕಣ. ಕೆಳಗೆ ಕಾದಾಟ, ನಡುವೆ ವೀರನನ್ನು ಮೇಲಕ್ಕೆ ಒಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ವೀರನ ಮನೆಗೆ ಅಲ್ಲಿ ಜಾಗವಿಲ್ಲ. ಹೆಂಡತಿಗೂ ಕಲ್ಲು ಉಂಟು, ಅವಳೂ ಗಂಡನ ಜೊತೆ ಸತ್ತರೆ. ಬಳೆ ತೊಟ್ಟ ಕೈಯನ್ನು ಕೆತ್ತಿದ ಮಾಸ್ತಿಕಲ್ಲು ಅದು. ಮಡಿದವನ ವಂಶಕ್ಕೆ ‘ನೆತ್ತರುಗೊಡಗೆ’ ಎಂದು ಭೂಮಿ ಬಿಟ್ಟದ್ದನ್ನು ಶಾಸನಗಳು ಬರೆದಿಟ್ಟವು. ಆ ಭೂಮಿಯಲ್ಲಿ ಮರುದಿನ ಬೆಳಿಗ್ಗೆ ಎದ್ದು ಮಗುವಿಗೆ ಗಂಜಿ ಕಾಯಿಸಿದವಳನ್ನು ಬರೆಯಲಿಲ್ಲ. ಬದುಕಿ ಉಳಿದವಳಿಗೆ ಕಲ್ಲಿಲ್ಲ. ಸಾವಿರ ವರ್ಷದ ಈ ಅಭ್ಯಾಸವೇ ನಿಮ್ಮ ಹಿರಿಯರ ಬಾಯಲ್ಲಿ ‘ಬೇಡ’ ಎಂದು ಬರುತ್ತಿದೆ. ಅವರ ಮೇಲೆ ನನಗೆ ಕೋಪವಿಲ್ಲ. ಆದರೆ ಅವರ ಮಾತನ್ನು ಒಪ್ಪುವುದಿಲ್ಲ.

ನಾಚಿಕೆ ಪಡುವಂಥದ್ದು ಅಲ್ಲೇನೂ ನಡೆದಿಲ್ಲ. ವಿಧವೆಯ ಮರುಮದುವೆಯನ್ನು ಕೊಡವ ಪದ್ಧತಿ ಕತ್ತಲಲ್ಲಿ ನಡೆಸಲಿಲ್ಲ. ‘ಕೂಡಾವಳಿ’ ಎಂಬ ಹೆಸರು ಕೊಟ್ಟು ಮಂಗಲಗಳ ಸಾಲಿನಲ್ಲಿ ಕೂರಿಸಿತು. ದೇಶದ ಎಷ್ಟೋ ಕಡೆ 22ರ ವಿಧವೆಯನ್ನು ಮೂಲೆಯಲ್ಲಿ ಕೂರಿಸುತ್ತಿದ್ದ ಕಾಲದಲ್ಲಿ ನಿಮ್ಮ ಒಕ್ಕ ಆಕೆಗೆ ಮನೆಯನ್ನೂ ಮಗುವಿಗೆ ತಂದೆಯನ್ನೂ ಉಳಿಸಿಕೊಟ್ಟಿತು. ಇದು ಒಂದು ಬದಿ.

ಇನ್ನೊಂದು ಬದಿಯನ್ನೂ ಬರೆಯಬೇಕು. 1961ರ ಸೇನಾ ಪಿಂಚಣಿ ನಿಯಮಾವಳಿಯ ಪ್ರಕಾರ ಮಡಿದ ಸೈನಿಕನ ಹೆಂಡತಿ ಮರುಮದುವೆಯಾದರೆ ವಿಶೇಷ ಕುಟುಂಬ ಪಿಂಚಣಿಯ ಅರ್ಹತೆ ತಪ್ಪುತ್ತಿತ್ತು. ಒಂದೇ ವಿನಾಯಿತಿ: ಆಕೆ ಗಂಡನ ಸಹೋದರನನ್ನೇ ಮದುವೆಯಾಗಿ, ಅರ್ಹರಾದ ಉಳಿದ ವಾರಸುದಾರರ ಜೊತೆ ಕೂಡಿ ಬಾಳುತ್ತಿದ್ದರೆ ಅಥವಾ ಅವರಿಗೆ ಆಸರೆಯಾಗಿದ್ದರೆ ಪಿಂಚಣಿ ಉಳಿಯುತ್ತಿತ್ತು. ಒಕ್ಕದ ಪದ್ಧತಿ, ಸರ್ಕಾರದ ನಿಯಮ ಎರಡೂ ಆಕೆಯನ್ನು ಒಂದೇ ಬಾಗಿಲಿನತ್ತ ಕರೆದೊಯ್ದವು. ಶೌರ್ಯ ಪದಕದ ಭತ್ಯೆಗೂ ಇಂಥದೇ ಷರತ್ತು ಇತ್ತು. ಅದನ್ನು ರಕ್ಷಣಾ ಸಚಿವಾಲಯ ತೆಗೆದುಹಾಕಿದ್ದು 2017ರ ನವೆಂಬರ್‌ನಲ್ಲಿ. ಹಾಗಾದರೆ ನಿಮ್ಮ ಅಜ್ಜಿ ಆ ಬಾಗಿಲನ್ನು ಮನಸಾರೆ ದಾಟಿದರೇ, ಬೇರೆ ಬಾಗಿಲು ಇಲ್ಲದೆ ದಾಟಿದರೇ? ಇದನ್ನು ಊಹಿಸಿ ಬರೆಯುವ ಹಕ್ಕು ನಿಮಗೂ ಇಲ್ಲ, ನನಗೂ ಇಲ್ಲ. ‘ತ್ಯಾಗ’ ಎಂದೂ ಬರೆಯಬೇಡಿ, ‘ಬಲವಂತ’ ಎಂದೂ ಬರೆಯಬೇಡಿ. ಅವರು ಯಾವ ಪದ ಹೇಳುತ್ತಾರೋ ಆ ಪದವನ್ನು ಬರೆಯಿರಿ. ನಿಮ್ಮ ಅಜ್ಜನನ್ನೂ ಮರೆಯಬೇಡಿ. ಅಣ್ಣನ ಚಿತ್ರದ ಕೆಳಗೆ, ಅಣ್ಣನ ಮಗಳನ್ನು ತನ್ನ ಮಗಳೆಂದು ಬೆಳೆಸಿ, ಆ ಚಿತ್ರವನ್ನು ಒಂದು ದಿನವೂ ಗೋಡೆಯಿಂದ ಇಳಿಸದೆ ಐವತ್ತು ವರ್ಷಗಳಾಚೆಗೂ ಬಾಳಿದವರು ಅವರು.

ಬರೆಯುವಾಗ ‘ಹುತಾತ್ಮ’, ‘ವೀರಮರಣ’ ಎಂಬ ಮಾತುಗಳನ್ನು ಒಂದೆರಡು ಕಡೆಗೆ ಮಿತಿಗೊಳಿಸಿ. ಸೇನೆಯ ಕಾಗದವೂ ಅವರನ್ನು ‘ಬ್ಯಾಟಲ್ ಕ್ಯಾಶುವಾಲ್ಟಿ’ ಎಂದಷ್ಟೇ ಕರೆಯುತ್ತದೆ. ಉಳಿದ ಕಡೆ ಅವರ ಹೆಸರನ್ನೇ ಬರೆಯಿರಿ, ಮನೆಯಲ್ಲಿ ಕರೆಯುತ್ತಿದ್ದ ಹೆಸರು ಸಿಕ್ಕರೆ ಅದನ್ನೂ. ಸಾವಿಗೆ ಒಂದು ಪುಟ ಸಾಕು. ಶಾಲೆ, ಹಾಕಿ, ಗದ್ದೆ, ಮೊದಲ ರಜೆ, ಮದುವೆಯ ದಿನದ ಮಳೆ ಇವುಗಳಿಗೆ ಹೆಚ್ಚು ಪುಟ ಕೊಡಿ. ಕೊನೆಯ ದಿನ ಹೇಗಿತ್ತು ಎಂಬ ವಿವರಕ್ಕೆ ದಳದ ಯುದ್ಧ ದಿನಚರಿ ನೋಡಬೇಕಾಗುತ್ತದೆ. ಅವನ್ನು ಸಾಮಾನ್ಯವಾಗಿ 25 ವರ್ಷಗಳೊಳಗೆ ಗೌಪ್ಯತೆಯಿಂದ ಮುಕ್ತಗೊಳಿಸಬೇಕೆಂಬ ನೀತಿ 2021ರ ಜೂನ್‌ನಲ್ಲಿ ಬಂದಿದೆ. ಆ ದಾರಿ ನಿಧಾನದ್ದು, ಅದಕ್ಕಾಗಿ ಪುಸ್ತಕವನ್ನು ತಡೆಹಿಡಿಯಬೇಡಿ.

ಕರಡು ಮುಗಿದ ಮೇಲೆ ಅಜ್ಜಿಗೆ ಓದಿ ಹೇಳಿ. ಅವರು ತೆಗೆ ಎಂದ ಸಾಲನ್ನು, ಎಷ್ಟೇ ಚೆನ್ನಾಗಿದ್ದರೂ, ತೆಗೆದುಬಿಡಿ. ಹಿರಿಯರ ‘ಬೇಡ’ಕ್ಕೂ ಅವರ ‘ಬೇಡ’ಕ್ಕೂ ವ್ಯತ್ಯಾಸವಿದೆ.

ಇನ್ನು ಆ ಬೀಗ. ನಿಮ್ಮ ಪತ್ರದಲ್ಲಿ ಒಬ್ಬರು ಒಂದೇ ಸಾಲಿನಲ್ಲಿ ಬಂದುಹೋಗಿದ್ದಾರೆ, ಎಂಟು ತಿಂಗಳ ಮಗಳು. ಈಗ ಅವರಿಗೆ ಅರವತ್ತು ದಾಟಿರಬೇಕು, ನಿಮಗೆ ಅತ್ತೆ. ತಂದೆಯ ಕೈಬರಹವನ್ನು ಅವರು ಕಂಡಿದ್ದಾರೋ ಇಲ್ಲವೋ ಕೇಳಿ. ಪುಸ್ತಕದ ಸಮಿತಿಯವರನ್ನೆಲ್ಲ ಕರೆದು, ಮೊಬೈಲುಗಳನ್ನು ಹಿಡಿದು ಆ ಟ್ರಂಕ್ ತೆರೆಯಬೇಡಿ. ಅಟ್ಟದಿಂದ ಇಳಿಸಿ, ಒರೆಸಿ, ನಡುಬಾಡೆಯಲ್ಲಿ ಇಟ್ಟು ಅವರನ್ನು ಕರೆಸಿ. ಅವರು ಬರುವವರೆಗೆ ಬೀಗ ಹಾಗೆಯೇ ಇರಲಿ.